ಅಕ್ಕನ ಪಾತಿಗೆ ಹೊಲಿದ ಹೊದಿಕೆ

ಭಾವನಿಗೆ ಬುದ್ಧಿ ಹೇಳಿ ಹೇಳಿ ನನಗೆ ಬಾಯಿ ನೋವು ಬಂದಿತ್ತು. ಮೂವತ್ತು ವರ್ಷ ಬಸ್ ಓಡಿಸಿದ ಮನುಷ್ಯ. ಬೆಳಗ್ಗೆ ಎದ್ದು ಬಸ್ಸಿನ ಮುಂದಿನ ಗಾಜು ಒರೆಸದೆ ಗುಟುಕು ಕಾಫಿ ಕುಡಿದವರಲ್ಲ. ಈಗ ಬಸ್ಸಿಲ್ಲ, ಅಕ್ಕನೂ ಇಲ್ಲ. ಒರೆಸಲು, ಗುಡಿಸಲು ಅವರ ಕೈಗೆ ಸಿಕ್ಕಿದ್ದು ಹಿತ್ತಲಿನಲ್ಲಿ ಅಕ್ಕ ಬೆಳೆಸಿದ ಹೂವಿನ ಪಾತಿ.

ಅದರಲ್ಲಿ ಹನ್ನೊಂದು ಗಿಡಗಳಿದ್ದವು. ಚಳಿಗೆ ಮೇಲೆಲ್ಲ ಒಣಗಿ, ಬೇರು ಮಾತ್ರ ಮಣ್ಣಿನಲ್ಲಿ ಉಳಿದು, ಬಿಸಿಲು ಬಂದ ಮೇಲೆ ಮತ್ತೆ ಚಿಗುರಿ ನೀಲಿ ಹೂ ಬಿಡುವ ಜಾತಿ. "ಚಳಿಗೆ ಮುಂಚೆ ಪಾತಿಗೆ ಹೊದಿಕೆ ಹಾಕೋದು ಮರೀಬೇಡ ಕಣೇ" ಎಂದು ಆಸ್ಪತ್ರೆಯ ಮಂಚದಿಂದ ಅಕ್ಕ ನನಗೆ ಹೇಳಿದ್ದಳು. ಆ ಗಿಡಗಳು ಹೋದರೆ ಅವಳು ನೆಟ್ಟದ್ದು ಆ ಮನೆಯಲ್ಲಿ ಬೇರೇನೂ ಇರಲಿಲ್ಲ.

ಚಳಿಗೆ ಮುಂಚೆ ಒಂದು ಸಂಜೆ ನನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ, ಭಾವನ ಮನೆಗೆ ಹೋಗಿ ಪಾತಿಗೆ ಎರಡು ಬುಟ್ಟಿ ಕಾಂಪೋಸ್ಟ್ ಹರಡಿದೆ. ಅದರ ಮೇಲೆ ಬೇಲಿಯ ಪಕ್ಕದ ಪೈನ್ ಮರದಿಂದ ಉದುರಿದ ಸೂಜಿ ಎಲೆ ಹಾಕಿದೆ. ಮರುದಿನ ನೋಡಿದರೆ ಎಲೆಯೆಲ್ಲ ಗೋಡೆಯ ಮೂಲೆಯಲ್ಲಿತ್ತು, ಪಾತಿ ಬೋಳು.

"ಏನಿದು ಭಾವ?"

"ಕಸ ಬಿದ್ದಿತ್ತು, ಗುಡಿಸ್ದೆ."

"ಅದು ಕಸ ಅಲ್ಲ. ಬೇರಿಗೆ ಚಳಿ ಆಗ್ಬಾರ್ದು ಅಂತ ನಾನೇ ಹಾಕಿದ್ದು."

"ಓಹೋ" ಎಂದರು, ಅಷ್ಟೇ.

ಆಮೇಲೆ ದಿನವೂ ಅದೇ ರಾಮಾಯಣ. ಸಂಜೆ ನಾನು ಹಾಕುವುದು, ಬೆಳಗ್ಗೆ ಅವರು ಬಾಚುವುದು. ಒಮ್ಮೆ ಪೈನ್ ಎಲೆಯಿಂದ ಮಣ್ಣು ಹುಳಿಯಾಗುತ್ತದೆ ಎಂದರು. ಇನ್ನೊಮ್ಮೆ ಗಾಳಿಗೆ ಹಾರಿಹೋಯಿತು ಎಂದರು. ಗಾಳಿ ಪೊರಕೆ ಹಿಡಿದುಕೊಂಡು ಬರುತ್ತದೆಯೇ? ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವರು ಹದಿನೈದು ದಿನ ಮಗಳ ಮನೆಗೆ ಹೋದದ್ದೇ ತಡ, ನಾನು ಸೀರಿಯಸ್ಸಾಗಿ ಕೆಲಸಕ್ಕಿಳಿದೆ. ಒಂದೊಂದು ಗಿಡದ ನೆತ್ತಿಯ ಮೇಲೂ ಕಾಂಪೋಸ್ಟ್ ಸುರಿದೆ. ಗೇಣುದ್ದ ಎಲೆ ಪೇರಿಸಿ, ಕಾಲಿಂದ ತುಳಿದು ಗಟ್ಟಿ ಮಾಡಿದೆ. ಹಳೇ ಪರದೆಗಳನ್ನು ಜೋಡಿಸಿ ಪಾತಿಯ ಅಳತೆಗೆ ಹೊಲಿದು, ಮೇಲೆ ಹೊದಿಸಿ, ಸುತ್ತ ಗೂಟ ಹೊಡೆದೆ. ಡಬಲ್ ಹೊಲಿಗೆ. ಈಗ ಗುಡಿಸಲಿ ನೋಡೋಣ ಅಂದುಕೊಂಡೆ.

ವಾಪಸ್ ಬಂದ ವಾರದಲ್ಲೇ ಭಾವ ಬ್ಲೇಡು ಹಿಡಿದು ಕೂತಿದ್ದರು. ಹಿತ್ತಲಿನಲ್ಲಿ ಅವರು ದಿನಾ ಕೂರುವ ಬೆಂಚಿನ ಪಕ್ಕದ ಎರಡು ಗಿಡಗಳ ಮೇಲೆ, ಕೈ ಹಿಡಿಸುವಷ್ಟು ಪರದೆ ಕತ್ತರಿಸಿ, ಎಲೆ ಬಿಡಿಸಿ ಬುಡ ತೋರುವಂತೆ ಮಾಡಿದ್ದರು.

"ಅಕ್ಕನ ಗಿಡ ಉಳಿಯೋದು ನಿಮಗೆ ಬೇಡ್ವಾ?" ಎಂದು ಕೂಗಾಡಿಬಿಟ್ಟೆ.

"ಎಲ್ಲಾ ಮುಚ್ಚಿಬಿಟ್ರೆ ಚಿಗುರು ಬಂದಿದ್ದು ನನಗೆ ಗೊತ್ತಾಗೋದು ಹೇಗೆ? ಬೆಳಗ್ಗೆ ಎದ್ದು ನೋಡೋಕೆ ನನಗೆ ಇನ್ನೇನಿದೆ?" ಎಂದರು.

ಸಿಟ್ಟಿನಲ್ಲಿ ಆ ಮಾತು ನನ್ನ ಕಿವಿಗೇ ಹೋಗಲಿಲ್ಲ. ಬ್ಲೇಡು ಕಿತ್ತುಕೊಂಡು ಮನೆಗೆ ಬಂದೆ.

ಚಳಿ ಮುಗಿದು ಎರಡು ಮಳೆ ಬಿದ್ದು, ಬಿಸಿಲು ಕಾದ ಮೇಲೆ ಹೋಗಿ ಪರದೆ ಬಿಚ್ಚಿದೆ. ಒಳಗಿಂದ ಗಬ್ಬು ವಾಸನೆ ಬಂತು. ನಾನು ತುಳಿದ ಎಲೆ ಒದ್ದೆ ಮುದ್ದೆಯಾಗಿತ್ತು. ಬೆರಳಿಂದ ಕೆದಕಿದರೆ ಬುಡಗಳು ಕೊಳೆತು ಲೋಳೆಯಾಗಿ ಕೈಗೆ ಬಂದವು. ಎಣಿಸಿದೆ, ಒಂಬತ್ತು. ಬೆಂಚಿನ ಪಕ್ಕ, ಭಾವ ಪರದೆ ಕತ್ತರಿಸಿದ್ದರಿಂದ ಗಾಳಿಯಾಡಿದ ಆ ಎರಡು ಮಾತ್ರ ಹಸಿರಾಗಿ ತಲೆ ಎತ್ತಿದ್ದವು. ಹೊದಿಕೆ ಬುಡದ ಸುತ್ತ ಇರಬೇಕಿತ್ತು, ಚಿಗುರೊಡೆಯುವ ನೆತ್ತಿಯ ಮೇಲಲ್ಲ. ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ.

ಭಾವ ಹಿಂದೆ ನಿಂತಿದ್ದರು. "ಎರಡು ಬಂದಿದೆ ನೋಡು" ಎಂದರು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಬಹುದಿತ್ತು.

ಮರುದಿನ ಬೆಳಗ್ಗೆ ಹೋದಾಗ ಅವರು ಪಾತಿ ಗುಡಿಸುತ್ತಿದ್ದರು. ಆ ಒಂಬತ್ತು ಖಾಲಿ ಜಾಗಗಳ ಮೇಲಿನ ಎಲೆಯನ್ನು ಒಂದೊಂದಾಗಿ ಆರಿಸಿ, ಬಗ್ಗಿ ನೋಡುತ್ತಿದ್ದರು. ಅಲ್ಲಿ ಇನ್ನೇನೂ ಬರುವುದಿಲ್ಲ ಭಾವ ಎಂದು ಹೇಳಬೇಕಿತ್ತು. ಅಷ್ಟು ದಿನ ಬುದ್ಧಿ ಹೇಳಿದ ನಾನು ಅವತ್ತು ಅವರ ಪಕ್ಕ ಕೂತು ಎಲೆ ಆರಿಸತೊಡಗಿದೆ.