ಮಂಜೊಟ್ಟಿನ ಕಲ್ಲಿನ ಹಾಡು

ಜಯಲತಕ್ಕ ಕಲ್ಯಾಣದ ಒಂದು ನರ್ಸಿಂಗ್ ಹೋಮಿನಲ್ಲಿ ಮಧ್ಯಾಹ್ನದ ಪಾಳಿಯ ಆಯಾ. ಮಗ ಸಮಿತ್, ಸೊಸೆ ಇಬ್ಬರೂ ಬೆಳಗ್ಗೆ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿದರೆ ದೀಪ ಹಚ್ಚುವ ಹೊತ್ತಿಗೇ ಮರಳುವುದು. ಹಾಗಾಗಿ ಮೊಮ್ಮಗಳು ಅಶ್ಮಿತಾ ಶಾಲೆ ಬಿಟ್ಟವಳೇ ಗ್ರೌಂಡ್ ಫ್ಲೋರಿನ ಅಪ್ಪಿಯ ಮನೆಗೆ ಹೋಗುತ್ತಿದ್ದಳು. ಅಪ್ಪಿ ಮತ್ತವಳ ಗಂಡ ಧರ್ಮಪಾಲ ಆ ಮಳೆಗಾಲದಲ್ಲಷ್ಟೇ ಬಿಲ್ಡಿಂಗಿಗೆ ಬಂದವರು. ಮಕ್ಕಳಿರಲಿಲ್ಲ. ಅವಳು ಅಶ್ಮಿತಾಳ ತಲೆ ಬಾಚಿ, ನೀರುದೋಸೆ ತಿನ್ನಿಸಿ, ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದಳು. ಇಷ್ಟು ವರ್ಷಕ್ಕೆ ತುಳು ಮಾತಾಡುವ ನೆರೆಕರೆ ಸಿಕ್ಕಿತೆಂದು ಜಯಲತಕ್ಕನಿಗೂ ಹಿಗ್ಗು.

ಡಿಸೆಂಬರಿನ ಮೊದಲಿಗೆ ಅಪ್ಪಿ ಮಾತಿನ ನಡುವೆ ತನ್ನ ಗಂಡನ ಊರು ಮಂಜೊಟ್ಟು, ಅಲ್ಲಿಯ ಭೂತಕ್ಕೆ ಕೋಳಿಯ ನೆತ್ತರು ಎರೆಯುವುದು ಅವರ ಮನೆಯವರೇ ಎಂದಳು. ಅಲ್ಲಿಯ ಭೂತದ ಕಲ್ಲು ಒಡೆದು ಎರಡಾಗಿ, ಕಬ್ಬಿಣದ ಪಟ್ಟಿ ಕಟ್ಟಿಸಿಕೊಂಡು ನಿಂತಿದೆಯಂತೆ. ಒಡೆದವನು ಮಿಷನ್ನಿಗೆ ಸೇರಿ ಕ್ರೈಸ್ತನಾದ ಒಬ್ಬ ಪೂವಪ್ಪನಂತೆ.

ಜಯಲತಕ್ಕನ ಕೈಯ ಚಹಾ ಹಾಗೇ ಆರಿತು. ಪೂವಪ್ಪ ಅವರ ಮುತ್ತಜ್ಜ.

ಬಾಸೆಲ್ ಮಿಷನ್ನಿನ ಕೆಲವು ಮನೆಗಳಲ್ಲಿ ಪೂವಪ್ಪನ ಮೇಲೊಂದು ಹಾಡಿತ್ತು. ಕ್ರಿಸ್‌ಮಸ್ಸಿನ ಮುಂಚೆ ಮನೆಮನೆಗೆ ಹೋಗಿ ಹಾಡುವಾಗ, ಬೇರೆಲ್ಲ ಹಾಡು ಮುಗಿದ ಮೇಲೆ, ಡೋಲು ಬಡಿದು ಅದನ್ನು ಹಾಡಲೇಬೇಕು. ಪೂವಪ್ಪ ಹಾರೆ ಎತ್ತಿದ್ದು, ಊರು ಅವನನ್ನು ಬಾವಿಗೆ ಬಾರದಂತೆ ತಡೆದದ್ದು, ಅವನು ಹೆದರದೆ ನಿಂತದ್ದು. ನಾಲ್ಕನೆಯ ಚರಣ ಮಾತ್ರ ಶಾಪ. ‘ಕಲ್ಲಿಗೆ ನೆತ್ತರು ಎರೆದವರ ಮನೆಯಲಿ ತೊಟ್ಟಿಲು ತೂಗದು, ಜೋಗುಳ ಕೇಳದು.’ ಮರಾಠಿಯವರು, ಸಿಂಧಿಯವರು ತುಂಬಿದ ಬಿಲ್ಡಿಂಗಿನಲ್ಲಿ ಯಾರಿಗೂ ಅರ್ಥವಾಗದ ಹಾಡೆಂದು ಅವರು ಎಷ್ಟೋ ವರ್ಷ ಗಂಟಲು ಬಿಚ್ಚಿ ಹಾಡಿದ್ದರು.

ಈ ಸಲ ನಾಲ್ಕನೆಯದನ್ನು ಬಿಡೋಣ ಎಂದು ಮಗನನ್ನು ಬೇಡಿಕೊಂಡರು. ಸಮಿತನಿಗೆ ಕನ್ನಡ ಓದಲು ಬಾರದು, ಹಾಡಿನ ಒಂದಕ್ಷರ ಮಾತ್ರ ತಪ್ಪದು. ಊರಿನಲ್ಲಿ ಆ ವರ್ಷ ಕ್ರೈಸ್ತರ ಪ್ರಾರ್ಥನಾಲಯಗಳ ಗಾಜು ಒಡೆದದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಅವನ ದವಡೆ ಬಿಗಿದೇ ಇತ್ತು.

“ಇದೇ ವರ್ಷ ಬಿಡೋದಾ ಮಮ್ಮಿ? ಡರ್ ಗಯೇ, ಹೆದರಿಬಿಟ್ಟರು ಅಂತಾರೆ.”

“ಮಗು ಇಡೀ ದಿನ ಅವರ ಮನೆಯಲ್ಲಿರ್ತದೆ ಮಾರಾಯ.”

ಸಮಿತ್ ಟಿವಿಯ ದನಿ ಏರಿಸಿದ.

ಹಾಡುವ ದಿನ ಬಂತು. ಸಂಜೆ ಕಂಪೌಂಡಿನಲ್ಲಿ ಚರ್ಚಿನ ಸಭೆಯವರೆಲ್ಲ ನಿಂತರು. ಹಿರಿಯರೆಂದು ಚರಣ ಎತ್ತಿಕೊಡುವುದು ಜಯಲತಕ್ಕನ ಪಾಲು. ಧರ್ಮಪಾಲ ಹೋಟೆಲಿನ ಕೆಲಸದಿಂದ ಬೇಗ ಬಂದವನು ತನ್ನ ಬಾಗಿಲಿಗೆ ಒರಗಿದ್ದ. ಅಪ್ಪಿಯ ಸೊಂಟದ ಮೇಲೆ ಅಶ್ಮಿತಾ.

ಮೂರು ಚರಣ ಆಯಿತು. ನಾಲ್ಕನೆಯದನ್ನು ಜಯಲತಕ್ಕ ಎತ್ತಲಿಲ್ಲ. ಅವರು ಎತ್ತದೆ ಉಳಿದವರು ಹಾಡುವಂತಿಲ್ಲ. ಸಮಿತ್ ಕೂಡ ತಾಯಿಯ ಮುಖ ನೋಡುತ್ತ ನಿಂತ. ಆದರೆ ಡೋಲಿನ ಜಯಶೀಲನಿಗೆ ಇದು ಗೊತ್ತಿಲ್ಲ. ಆ ಚರಣದ ನಿಧಾನದ ಪೆಟ್ಟನ್ನು ಅವನು ಬಡಿಯುತ್ತಲೇ ಹೋದ. ಮಾತಿಲ್ಲದ ಪೆಟ್ಟು ಗೋಡೆಗೆ ತಾಗಿ ತಿರುಗಿ ಬರುತ್ತಿತ್ತು.

ಆಗ ಬಾಗಿಲ ಕಡೆಯಿಂದ ಧರ್ಮಪಾಲ ಹಾಡಿದ. ತಗ್ಗಿದ ದನಿ, ಅದೇ ಧಾಟಿ, ಒಂದು ಪದವೂ ಆಚೀಚೆಯಿಲ್ಲ. ‘ತೊಟ್ಟಿಲು ತೂಗದು, ಜೋಗುಳ ಕೇಳದು.’

ಡೋಲು ನಿಂತಿತು.

“ಯಾಕೆ ಬಿಟ್ಟಿರಿ ಜಯಲತಕ್ಕ? ನಮ್ಮ ಮನೆಯಲ್ಲಿ ಇದನ್ನು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿಸ್ತಾರೆ. ಶಾಪ ಹಾಕಿದವರನ್ನು ಮರೀಬಾರದೂಂತ.” ಅವನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಎಲ್ಲರಿಗೂ ಶರಬತ್ತು ಕೊಡಿಸಿದ. ಯಾರೂ ಬೇಡವೆನ್ನಲಿಲ್ಲ.

ಮಾರನೆಯ ದಿನ ಶಾಲೆಗೆ ರಜೆ. ಮಗುವನ್ನು ಇನ್ನು ಕೆಳಗೆ ಬಿಡಬಾರದೆಂದು ಮಗ, ಸೊಸೆ ಇಬ್ಬರೂ ಹೇಳಿದ್ದರು; ಹೇಳಿ ಲೋಕಲ್ ಹಿಡಿದು ಹೋಗಿದ್ದರು. ಜಯಲತಕ್ಕ ಪಾಳಿಗೆ ಹೊರಡುವ ಹೊತ್ತಿಗೆ ಅಪ್ಪಿ ಎಂದಿನಂತೆ ಮೇಲೆ ಬಂದು ಕೈ ಚಾಚಿದಳು. ಜಯಲತಕ್ಕ ಮಗುವಿನ ಕೈ ಬಿಡಲಿಲ್ಲ.

“ನನಗೆ ಅತ್ತೆ ಕಲಿಸಿದ್ದು ಆ ಹಾಡು,” ಎಂದಳು ಅಪ್ಪಿ. “ತಿಂಗಳು ತಿಂಗಳು ನಾನು ಹೊರಗೆ ಕೂತಾಗ ನನ್ನ ಬಾಯಲ್ಲೇ ಹೇಳಿಸ್ತಿದ್ದರು. ಕೊಡಿ ಅಕ್ಕ, ನಿಮಗೆ ಗಾಡಿ ತಪ್ಪೀತು.”

ಅಶ್ಮಿತಾ ತಾನಾಗಿ ಕೈ ಕೊಸರಿಕೊಂಡು ಅಪ್ಪಿಯ ಹಿಂದೆ ಮೆಟ್ಟಿಲಿಳಿದು ಹೋದಳು. ಕೆಳಗೆ ಬಾಗಿಲು ಮುಚ್ಚಿತು. ಬೋಲ್ಟು ಬಿದ್ದ ಸದ್ದೂ ಕೇಳಿತು. ಬೇರೆ ದಿನ ಬೋಲ್ಟು ಹಾಕುತ್ತಿದ್ದಳೇ ಇಲ್ಲವೇ ಎಂಬುದು ಜಯಲತಕ್ಕನಿಗೆ ನೆನಪಾಗಲಿಲ್ಲ.

ಕಲ್ಯಾಣದ ಗಾಡಿ ಹೋಯಿತು. ಅವರು ಕೆಳಗಿಳಿದು ಆ ಬಾಗಿಲ ಮುಂದೆ ನಿಂತರು. ಒಳಗೆ ಮಗು ನಗುತ್ತಿತ್ತು, ಆಮೇಲೆ ನಗು ನಿಂತಿತು. ತಟ್ಟಲು ಕೈ ಎತ್ತಿದರು. ಏನೆಂದು ಹೇಳಿ ಮಗುವನ್ನು ಕೇಳುವುದೆಂದು ತೋಚದೆ, ಎತ್ತಿದ ಕೈ ಹಾಗೇ ಉಳಿಯಿತು.