ಬಾಬು ಜಾನನ ತೋಳು

ಇಂಥ ತಮ್ಮನನ್ನು ನಂಬಿ ನಾನು ಹಜ್‌ಗೆ ಹೊರಟೆನಲ್ಲ, ನನ್ನ ಬುದ್ಧಿಗೆ ಮೊದಲು ಬೆಂಕಿ ಹಾಕಬೇಕು.

ಹೆಂಗಸು ಒಬ್ಬಳೇ ಹಜ್‌ಗೆ ಹೋಗುವ ಹಾಗಿಲ್ಲ. ಗಂಡ ತೀರಿಕೊಂಡ, ಮಕ್ಕಳಿಲ್ಲ, ಜೊತೆಗೆ ಬರಬಲ್ಲವನೆಂದರೆ ಮದ್ದೂರಿನಲ್ಲಿ ಬಸ್ಸು ರಿಪೇರಿ ಮಾಡುವ ಬಾಬು ಜಾನ್ ಒಬ್ಬನೇ. ಮಹಾಯುದ್ಧದ ಕಾಲದಲ್ಲಿ ಹಜ್‌ನ ಹಡಗುಗಳು ನಿಂತುಹೋಗಿ ಆಸೆಯನ್ನೇ ಬಿಟ್ಟಿದ್ದೆ. ಯುದ್ಧ ಮುಗಿದ ಮರುವರ್ಷ ಬೊಂಬಾಯಿಯಿಂದ ಹಡಗುಗಳು ಹೊರಡುತ್ತವೆ ಎಂದು ಮಸೀದಿಯಲ್ಲಿ ಹೇಳಿದರೆಂದು ಕೇಳಿ, ಮಳವಳ್ಳಿಯ ಬೀದಿಯಲ್ಲೇ ನಿಂತು ಅತ್ತುಬಿಟ್ಟೆ.

ಹಡಗು ಆರಿಸುವ ಯಜಮಾನಿಕೆ ಬಾಬು ವಹಿಸಿಕೊಂಡ. "ದೊಡ್ಡ ಅಡಗು ಓಲಾಡಾಕಿಲ್ಲ ಆಪಾ, ಆದ್ರೆ ನಿಧಾನ" ಎಂದು ಒಂದು ವಾರ. "ಚಿಕ್ಕದು ಬಿರ್ನೆ ಓಯ್ತದೆ, ಆದ್ರೆ ಬರೀ ವಾಂತಿ" ಎಂದು ಇನ್ನೊಂದು ವಾರ. ಸಾಹುಕಾರರು ವಿಮಾನದಲ್ಲೇ ಹೋಗಿಬರುತ್ತಾರಂತೆ ಎಂದು ಯಾರೋ ಹೇಳಿದ್ದೇ ತಡ, ಅದರ ಎಂಜಿನ್ನಿನ ವಿಚಾರ ಹಿಡಿದು ತಲೆ ತಿಂದ. ಇವನು ಅಳೆದು ಸುರಿಯುವಷ್ಟರಲ್ಲಿ ನಮಗೆ ಉಳಿದದ್ದು ಆ ವರ್ಷದ ಕೊನೆಯ ಹಡಗು.

ಯಾತ್ರೆಯ ಪಾಸಿನ ಜೊತೆಗೆ ಸಿಡುಬು ಬಾರದ ಹಾಗೆ ತೋಳಿಗೆ ಚುಚ್ಚುವ ದಾಕು ಹಾಕಿಸಿಕೊಂಡ ಸರ್ಟಿಫಿಕೇಟೂ ಬೇಕಿತ್ತು. ನಾನು ಹಾಕಿಸಿಕೊಂಡೆ. ತೋಳು ಊದಿ, ಕೀವು ತುಂಬಿ, ಜ್ವರ ಬಂದು ಮಲಗಿದೆ. "ನಂದು ಮದ್ದೂರಲ್ಲೇ ಆಯ್ತು" ಎಂದು ಅವನು ಕಾಗದ ತೋರಿಸಿದ. ಇವನಿಗೆ ಜ್ವರವೇ ಬರಲಿಲ್ಲವಲ್ಲ, ಗಟ್ಟಿ ಜೀವ ಎಂದುಕೊಂಡೆ.

ಹಜ್‌ಗೆ ಹೊರಡುವವರು ಎಲ್ಲರ ಹತ್ತಿರವೂ ಮಾಫಿ ಕೇಳಬೇಕು. ಮನೆಮನೆಗೆ ಹೋದೆ. ಪಕ್ಕದ ಮನೆ ಪಟ್ಟಲಮ್ಮನ ಮೇಕೆ ನನ್ನ ಗೋರಂಟಿ ಗಿಡ ತಿಂದಿತ್ತೆಂದು ನಾವಿಬ್ಬರೂ ಮಾತು ಬಿಟ್ಟಿದ್ದೆವು. ಅವಳ ಬಾಗಿಲಿಗೂ ಹೋದೆ.

"ಬುಡು ಕಣವ್ವ, ತಿಂದಿದ್ದು ಮೇಕೆ, ಮುನಿಸ್ಕಂಡಿದ್ದು ನಾವು" ಎಂದು ಪಟ್ಟಲಮ್ಮ ಕೈ ಹಿಡಿದುಕೊಂಡಳು. "ಅಲ್ಲಿ ನನ್ ಎಸ್ರಲ್ಲೂ ಒಂದ್ಸಲ ಕೈ ಮುಗಿ."

ಬೊಂಬಾಯಿಯಲ್ಲಿ ಹಡಗು ಕಣ್ಣೆದುರೇ ನಿಂತಿತ್ತು. ಅಲ್ಲಿಯ ಡಾಕ್ಟರು ಕಾಗದ ನೋಡಿ ಸುಮ್ಮನಾಗಲಿಲ್ಲ, ತೋಳು ತೋರಿಸಿ ಎಂದರು. ನನ್ನದು ನೋಡಿ ಮುಂದಕ್ಕೆ ಹೋಗೆಂದರು. ಬಾಬುವಿನ ತೋಳು ತೊಳೆದ ತಟ್ಟೆಯ ಹಾಗೆ ನುಣ್ಣಗಿತ್ತು. ಈಗ ಹಾಕಿದರೂ ದಾಕು ಏಳುವ ತನಕ ಹಡಗು ಹತ್ತಿಸುವುದಿಲ್ಲ ಎಂದರು. ಹಡಗು ಹೊರಡುವುದು ಮರುದಿನವೇ. ಅವನಿಲ್ಲದೆ ನಾನೂ ಹತ್ತುವ ಹಾಗಿಲ್ಲ.

"ಚುಚ್ಚಿಸ್ಕೊಳಾಕೆ ಭಯ ಆಯ್ತು ಆಪಾ" ಎಂದ. "ದಾಕು ಆಕೋನಿಗೆ ಎಲ್ಡು ಉಂಜ ಕೊಟ್ಟೆ, ಬರ್ಕೊಟ್ಟ."

ಎರಡು ಹುಂಜಕ್ಕೆ ನನ್ನ ಮಕ್ಕಾ ಮದೀನ ಮಾರಿಬಂದಿದ್ದ! ಅಷ್ಟಕ್ಕೂ ನಿಲ್ಲಿಸಲಿಲ್ಲ. "ಎಲ್ಡು ತಿಂಗ್ಳು ಇಲ್ಲೇ ಎಲ್ಲಾದ್ರೂ ಇದ್ಬುಟ್ಟು ಓಗಾಣ. ಊರೋರ್ಗೆ ಏನ್ ಗೊತ್ತಾಯ್ತದೆ? ಹಾಜಿ ಅಂತಾರೆ."

ಅಷ್ಟು ಜನದ ಎದುರಿಗೇ ಕಪಾಳಕ್ಕೆ ಬಾರಿಸಿದೆ. ಆ ಸಿಟ್ಟು ಮದ್ದೂರು ದಾಟಿ ಮಳವಳ್ಳಿಯಲ್ಲಿ ಬಸ್ಸು ಇಳಿದರೂ ಇಳಿಯಲಿಲ್ಲ.

"ಇದ್ಯಾಕವ್ವ ಇಷ್ಟು ಬಿರ್ನೆ ಬಂದ್ಬುಟ್ಟೆ?" ಎಂದು ಪಟ್ಟಲಮ್ಮ ಕೇಳಿದಳು. ಬಸ್ಸಿನ ಹತ್ತಿರ ನಿಂತವರಿಗೆಲ್ಲ ಕೇಳುವ ಹಾಗೆ ಹುಂಜದ ಕಥೆ ಹೇಳಿದೆ. ಬಾಬು ಬಸ್ಸಿನ ಹಿಂದೆ ಅಡಗಿದ.

ಆಮೇಲೆ ಮನೆಗೆ ಬಂದು ಕಾಲು ಹಿಡಿದ. "ಮಾಫಿ ಮಾಡಾಪಾ."

"ಮಾಫಿ ಕೇಳೋದು ಹಜ್‌ಗೆ ಹೊರಡೋರು ಕಣ್ಲಾ. ನೀನೆಲ್ಲಿಗೆ ಹೊರಟಿದ್ದೀಯ?" ಎಂದು ಬಾಗಿಲು ಹಾಕಿಕೊಂಡೆ.

ಬಹಳ ದಿನ ಮುಖ ತೋರಿಸಲಿಲ್ಲ. ಆಮೇಲೊಂದು ಮಧ್ಯಾಹ್ನ ಬಂದವನು ಅಂಗಿಯ ತೋಳು ಮಡಿಸಿದ. ಕೆಂಪಗೆ ಊದಿ, ಗುಳ್ಳೆ ಎದ್ದಿತ್ತು, ಮೈ ಸುಡುತ್ತಿತ್ತು. ಕಾಗದವನ್ನು ನಂಬಿ ಕೆಟ್ಟವಳು ನಾನು. ಗುಳ್ಳೆಯ ಪಕ್ಕದಲ್ಲಿ ಬೆರಳಿಟ್ಟು ಒತ್ತಿದೆ. ಅವನು ಅಯ್ಯೋ ಎಂದು ಕಿರುಚಿದ ಮೇಲೆಯೇ ನಂಬಿದ್ದು.

"ಬರೋ ವರ್ಷಕ್ಕೆ ಯಾವ ಅಡಗು ನೋಡ್ಲಿ ಆಪಾ?"

"ಮೊದಲು ಹೊರಡೋದು" ಎಂದೆ.

ಗಂಜಿ ಕೊಟ್ಟೆ, ಚಾಪೆ ಹಾಸಿದೆ. ಮಾಫಿ ಮಾತ್ರ ಕೊಟ್ಟಿಲ್ಲ. ಅದನ್ನು ಹಡಗಿನ ಮೇಲೆ ನಿಂತು ಕೊಡುತ್ತೇನೆ.