ನಾಲ್ಕನೇ ಪ್ರೆಸ್ಸಿನ ಬೆಣೆ

ತಗಡು ಒತ್ತುವ ನಾಲ್ಕನೇ ಪ್ರೆಸ್ಸಿನಿಂದ ಕಾರ್ಖಾನೆಯ ಡಿಸ್ಪೆನ್ಸರಿಗೆ ಎಂಬತ್ತು ಹೆಜ್ಜೆ. ಬುಧವಾರ ಬೆಳಿಗ್ಗೆ ನರ್ಸ್ ಅದನ್ನು ನಡೆದು ಎಣಿಸಿದಳು. ಹಿಂದಿನ ದಿನ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಅದೇ ಪ್ರೆಸ್ಸಿನಲ್ಲಿ ಅವಳ ತಮ್ಮನ ಬಲಗೈಯ ಎರಡು ಬೆರಳು ಹೋಗಿದ್ದವು. ಆಗ ಅವಳು ಡಿಸ್ಪೆನ್ಸರಿಯಲ್ಲೇ ಕೂತು ಹತ್ತಿ ಕತ್ತರಿಸುತ್ತಿದ್ದಳು. ಬಾಗಿಲ ಮುಂದೆ ಆಂಬುಲೆನ್ಸ್ ನಿಂತಿತ್ತು. ಯಾರೂ ಬರಲಿಲ್ಲ.

ಬರದಿದ್ದಕ್ಕೆ ಕಾರಣ ಗೇಟಿನ ಬೋರ್ಡು. 'ಅಪಘಾತವಿಲ್ಲದ ದಿನಗಳು' ಎಂಬ ಸಾಲಿನ ಕೆಳಗೆ ಅಂದು 297 ಎಂದಿತ್ತು. ಮುನ್ನೂರು ಮುಟ್ಟಿದರೆ ಪ್ರೆಸ್ ವಿಭಾಗದ ಪ್ರತಿಯೊಬ್ಬರಿಗೂ ಒಂದು ಟಿಫಿನ್ ಕ್ಯಾರಿಯರ್. ಡಿಸ್ಪೆನ್ಸರಿಯ ರಿಜಿಸ್ಟರಿನಲ್ಲಿ ಒಂದು ಗಾಯ ದಾಖಲಾದರೆ ಬೋರ್ಡು ಮತ್ತೆ ಸೊನ್ನೆ. ಹಾಗಾಗಿ ಪ್ರೆಸ್ ವಿಭಾಗದ ಮೇಸ್ತ್ರಿ ಎಣ್ಣೆ ಒರೆಸುವ ಬಟ್ಟೆಯನ್ನು ಗಾಯಕ್ಕೆ ಸುತ್ತಿದ, ಗಾಯಾಳುವಿನ ಹಾಜರಿ ಕಾರ್ಡನ್ನು ಹೊರಹೋದಂತೆ ತಾನೇ ಪಂಚ್ ಮಾಡಿದ, ಅವನನ್ನು ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಹಿಂದಿನ ಗೇಟಿನಿಂದ ಪೇಟೆಯ ಆಸ್ಪತ್ರೆಗೆ ಹೊರಟ. ಒಂದೇ ಕೈಯಲ್ಲಿ ಹಿಡಿದು ಕೂತಿದ್ದವನು ಎರಡನೇ ರಸ್ತೆಯುಬ್ಬಿನಲ್ಲಿ ಕೆಳಗೆ ಬಿದ್ದ. ಎಡಗಾಲಿನ ಮೂಳೆ ಮುರಿಯಿತು.

ಅಂದು ಸಂಜೆ ಆಸ್ಪತ್ರೆಯಲ್ಲಿ ತಮ್ಮನೇ ಮೊದಲು ಮಾತೆತ್ತಿದ. "ಮೇಸ್ತ್ರಿನ ಬಯ್ಬೇಡ ಅಕ್ಕಾ. ಡಿಸ್ಪೆನ್ಸರಿ ಬೇಡ ಅಂದಿದ್ದು ನಾನೇ. ಮೂರೇ ದಿನ ಬಾಕಿ ಇತ್ತು. ಎಲ್ಲರ ಬಾಯಿಗೆ ಮಣ್ಣು ಹಾಕ್ದ ಅಂತ ಅನ್ನಿಸ್ಕೋಬೇಕಾ?"

"ಒಂದು ಡಬ್ಬಿಗೆ ಎರಡು ಬೆರಳು, ಒಂದು ಕಾಲು. ಬೆಳ್ಳಿದೇನೋ ಅದು?"

"ಸ್ಟೀಲು," ಎಂದು ಅವನು ನಗಲು ನೋಡಿದ. ಅವಳು ನಗಲಿಲ್ಲ.

"ಎರಡು ಕೈಯಲ್ಲೂ ಬಟನ್ ಒತ್ತದೆ ಆ ಪ್ರೆಸ್ಸು ಕೆಳಗೆ ಇಳಿಯಲ್ವಲ್ಲ. ನಿನ್ನ ಬಲಗೈ ಅದರೊಳಗೆ ಏನು ಮಾಡ್ತಿತ್ತು?"

ತಮ್ಮ ಗೋಡೆ ನೋಡಿದ. "ಬಲಗಡೆ ಬಟನ್ ಒತ್ತಿದ ಹಾಗೇ ಇರ್ಲಿ ಅಂತ ಬೆಣೆ ಹೊಡೆದಿತ್ತು. ಎಲ್ಲ ಪ್ರೆಸ್ಸಿಗೂ ಇದೆ ಕಣೇ. ಒಂದು ಕೈ ಬಿಡುವಾದ್ರೆ ಶಿಫ್ಟಿಗೆ ಮುನ್ನೂರು ಪೀಸ್ ಜಾಸ್ತಿ ಬೀಳುತ್ತೆ."

ಬುಧವಾರ ಅವಳು ಹೆಜ್ಜೆ ಎಣಿಸಿದಾಗ ನಾಲ್ಕನೇ ಪ್ರೆಸ್ಸಿನ ಮುಂದೆ ಬೇರೆ ಆಳು ನಿಂತಿದ್ದ. ಎಡಗೈ ಬಟನ್ನಿನ ಮೇಲೆ, ಬಲಗೈ ಪ್ರೆಸ್ಸಿನ ಬಾಯಲ್ಲಿ. ಬೆಣೆ ಇದ್ದಲ್ಲೇ ಇತ್ತು.

ಅಲ್ಲಿಂದ ನೇರ ಸೇಫ್ಟಿ ಆಫೀಸರ ಕೋಣೆಗೆ ಹೋದಳು. ಕಾರ್ಖಾನೆಯಲ್ಲಿ ಅವರಿಗೆ 'ಬೋರ್ಡ್ ಸಾಹೇಬ್ರು' ಎಂದು ಅಡ್ಡಹೆಸರು. ಅವರ ವರದಿ ಆಗಲೇ ಟೈಪಾಗಿತ್ತು: ಕಾರ್ಮಿಕ ಅರ್ಧ ದಿನ ರಜೆ ಹಾಕಿ 10.52ಕ್ಕೆ ಹೊರಹೋದ, ಮನೆಯ ದಾರಿಯಲ್ಲಿ ಬೈಕಿನಿಂದ ಬಿದ್ದ, ಬೆರಳು ಚೈನಿಗೆ ಸಿಕ್ಕಿಕೊಂಡವು.

"ರಸ್ತೆ ಮೇಲೆ ಆಗಿದ್ದು ನಮ್ಮ ಲೆಕ್ಕಕ್ಕೆ ಬರಲ್ಲ ಸಿಸ್ಟರ್," ಎಂದರು.

"ಮೇಸ್ತ್ರಿ ಬೈಕು ಶೆಡ್ಡಲ್ಲಿದೆ, ಈಗಷ್ಟೇ ನೋಡ್ಕೊಂಡು ಬಂದೆ. ಚೈನ್ ಇರೋದು ಎಡಗಡೆ, ಮೇಲೆ ಪೂರ್ತಿ ಕವರ್. ಹಿಂದೆ ಕೂತವನ ಬಲಗೈ ಅದರೊಳಗೆ ಹೇಗೆ ಹೋಯ್ತು, ತೋರಿಸ್ತೀರಾ? ನಾನು ಹಿಂದೆ ಕೂರ್ತೀನಿ."

ಅವರು ಕನ್ನಡಕ ಒರೆಸಿದರು. "ನಿಮ್ಮ ತಮ್ಮ, ನೋವಿರುತ್ತೆ. ಆದ್ರೆ ನೀವು ಬರೆದ್ರೆ ಬೆಣೆ ವಿಷಯಕ್ಕೆ ಮೊದಲು ನೋಟಿಸ್ ಬರೋದು ಅವನಿಗೇ."

"ಬರಲಿ. ರಿಜಿಸ್ಟರಲ್ಲಿ ಯಂತ್ರದ ನಂಬರ್ ಬಿದ್ರೆ ತಪಾಸಣೆ ಮುಗಿಯೋವರೆಗೂ ಅದು ನಿಲ್ಲಬೇಕು. ನಿಮ್ಮ ತಲೆ ಮೇಲೇ ಫ್ರೇಮ್ ಹಾಕಿಸಿದೀರಿ ಆ ನಿಯಮನ. ಇವತ್ತು ಅಲ್ಲಿ ಇನ್ನೊಬ್ಬ ನಿಂತಿದಾನೆ, ಅವನಿಗೂ ಹತ್ತು ಬೆರಳಿದೆ."

"ಗಾಯಾಳು ಸಹಿ ಬೇಕು. ಸಾಕ್ಷಿ ಸಹಿನೂ ಬೇಕು," ಎಂದರು ಆಫೀಸರು. ಎರಡೂ ಸಿಗುವುದಿಲ್ಲ ಎಂಬ ಧೈರ್ಯ ಅವರ ದನಿಯಲ್ಲಿತ್ತು.

ಅವಳು ಗಾಯವನ್ನೂ ಪ್ರೆಸ್ಸಿನ ನಂಬರನ್ನೂ ಬರೆದು ರಿಜಿಸ್ಟರನ್ನು ಬಗಲಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದಳು. ಇನ್ನೊಬ್ಬ ನಿಂತಿದ್ದಾನೆ ಎಂದು ಕೇಳಿದ ಮೇಲೆ ತಮ್ಮ ಚೌಕಾಸಿ ಮಾಡಲಿಲ್ಲ. ಎಡಗೈಯಲ್ಲಿ ಸಹಿ ಹಾಕಿದ. ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿದಿದ್ದವು. ಹನ್ನೊಂದೂವರೆಗೆ ಅದನ್ನು ಆಫೀಸರ ಮೇಜಿನ ಮೇಲೆ ಬಿಡಿಸಿಟ್ಟಳು.

"ಈ ಸಹಿ ಮ್ಯಾಚ್ ಆಗಲ್ಲ," ಎಂದರು.

"ಮ್ಯಾಚ್ ಆಗೋ ಬೆರಳು ನಿಮ್ಮ ಪ್ರೆಸ್ಸಲ್ಲಿ ಉಳಿದಿವೆ. ತರಿಸಿ, ಇನ್ನೊಂದು ಸಲ ಹಾಕಿಸ್ತೀನಿ."

ಆಫೀಸರು ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿ ಬಾಗಿಲಲ್ಲೇ ನಿಂತ. ಇನ್ನೊಬ್ಬರ ಕಾರ್ಡ್ ಪಂಚ್ ಮಾಡಿದವನ ಕೆಲಸ ಹೋಗುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು.

"ನೀವು ನೋಡಿದ್ದು ಏನು?" ಎಂದು ಆಫೀಸರು ಕೇಳಿದರು.

ಮೇಸ್ತ್ರಿ ನೆಲ ನೋಡಿದ. "ಬೈಕಿಂದ ಬಿದ್ದ ಸಾರ್."

"ಅದಕ್ಕೂ ಮೊದ್ಲು?" ಎಂದಳು ನರ್ಸ್. "ಎಂಬತ್ತು ಹೆಜ್ಜೆ ಮೇಸ್ತ್ರಿ. ರಕ್ತ ಸುರಿಸ್ಕೊಂಡು ನಡೆದಿದ್ರೂ ಬರ್ತಿದ್ದ. ಕಾಲಾದ್ರೂ ಉಳೀತಿತ್ತು."

ಸಾಕ್ಷಿಯ ಜಾಗ ಖಾಲಿಯೇ ಇತ್ತು. ಅವಳು ರಿಜಿಸ್ಟರ್ ಅಲ್ಲೇ ಬಿಟ್ಟು ಡಿಸ್ಪೆನ್ಸರಿಗೆ ವಾಪಸಾದಳು. ಕಿಟಕಿಯಾಚೆ ನಾಲ್ಕನೇ ಪ್ರೆಸ್ಸು ಬೀಳುವ ಸದ್ದು ಬೇರೆ ಪ್ರೆಸ್ಸುಗಳಿಗಿಂತ ದಪ್ಪ. ಎಂಟು ವರ್ಷದಿಂದ ಅವಳ ಕಿವಿಗೆ ಪಳಗಿದ್ದು. ಪ್ರತಿ ಏಟಿಗೂ ಹಲ್ಲು ಕಚ್ಚಿದಳು. ಒಂದು ಗಂಟೆ ಐದು ನಿಮಿಷಕ್ಕೆ ಆ ಸದ್ದು ನಿಂತಿತು. ಊಟದ ವಿರಾಮ ಮುಗಿದರೂ ಶುರುವಾಗಲಿಲ್ಲ.

ಎರಡು ಗಂಟೆಗೆ ಮೇಸ್ತ್ರಿ ಬಂದ. ಒಂದು ಕೈಯಲ್ಲಿ ರಿಜಿಸ್ಟರ್, ಸಾಕ್ಷಿಯ ಜಾಗದಲ್ಲಿ ಅವನ ಸಹಿ. ಇನ್ನೊಂದು ಕೈಯಲ್ಲಿ ಅವನ ಊಟದ ಡಬ್ಬಿ. ಅದನ್ನು ಮೇಜಿನ ಮೇಲೆ ಬೋರಲು ಹಾಕಿದ. ಮರದ ಬೆಣೆಗಳು ಉರುಳಿದವು, ಒಂಬತ್ತು ಪ್ರೆಸ್ಸಿಗೆ ಒಂಬತ್ತು.

"ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕ್ದ ಅಂತೀರಿ, ಗೊತ್ತು ಸಿಸ್ಟರ್."

"ಅಂತೀನಿ. ಕೂತ್ಕೊಳ್ಳಿ. ಒಂದೊಂದರ ಮೇಲೂ ಪ್ರೆಸ್ ನಂಬರ್ ಬರೀರಿ."

ಅವನು ಪೆನ್ನು ತೆಗೆದುಕೊಂಡ. ಎಂಟರ ಮೇಲೆ ಬರೆದು ಒಂಬತ್ತನೆಯದನ್ನು ಕೈಯಲ್ಲೇ ಹಿಡಿದುಕೊಂಡ. ಅದರ ಒಂದು ಮಗ್ಗುಲು ಕಪ್ಪಾಗಿತ್ತು.

"ನಾಲ್ಕನೇದು," ಎಂದ. "ಇದನ್ನ ಕೆತ್ತಿ ಅವನಿಗೆ ಕೊಟ್ಟಿದ್ದು ನಾನೇ."

"ಅದನ್ನೂ ಬರೀರಿ," ಎಂದಳು.